ಅರಿಶಿನ ಶಾಸ್ತ್ರ ‘ಹಲ್ದಿ’ ಆಗಿದ್ದು ಹೇಗೆ?

ಮೊನ್ನೆ ನೆಂಟರ ಮನೆಯಿಂದ ವಾಟ್ಸಾಪ್‌ನಲ್ಲಿ ಒಂದು ಲಗ್ನಪತ್ರಿಕೆ ಬಂತು. ಮುಹೂರ್ತದ ಸಾಲು ಹುಡುಕಬೇಕಾದರೆ ಕೆಳಗೆ ಇಳಿಯಬೇಕಿತ್ತು. ಅದಕ್ಕಿಂತ ಮೇಲೆ ಮೂರು ಸಾಲು. ಬುಧವಾರ ಸಂಜೆ ಮೆಹಂದಿ, ಹಸಿರು ಬಟ್ಟೆ. ಗುರುವಾರ ಬೆಳಿಗ್ಗೆ ಹಲ್ದಿ, ಹಳದಿ ಬಟ್ಟೆ. ಗುರುವಾರ ರಾತ್ರಿ ಸಂಗೀತ್, ಮಿನುಗುವ ಬಟ್ಟೆ. ನಮ್ಮ ಸೋದರತ್ತೆ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಆಮೇಲೆ ಕೇಳಿದರು, "ಸಂಗೀತಕ್ಕೆ ಯಾರ ಕಚೇರಿ ಇಟ್ಟಿದಾರಂತೆ?"

ಮನೆಯವರೆಲ್ಲ ನಕ್ಕರು. ಆದರೆ ಹಲ್ದಿಗೂ ನಮ್ಮ ಅರಿಶಿನ ಶಾಸ್ತ್ರಕ್ಕೂ ಏನು ವ್ಯತ್ಯಾಸ ಅಂತ ಅತ್ತೆ ಮತ್ತೆ ಕೇಳಿದಾಗ ನಕ್ಕವರಲ್ಲಿ ಒಬ್ಬರಿಗೂ ಸರಿಯಾಗಿ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಅನ್ನಿ. ಮದುವೆಗೆ ಮುಂಚೆ ಹುಡುಗಿಗಾಗಿ ನಡೆಯುವ ಈ ಸಂಭ್ರಮಗಳು ಎಲ್ಲಿಂದ ಬಂದವು, ಹೇಗೆ ಬದಲಾದವು ಎಂದು ಬುಡದಿಂದ ನೋಡೋಣ.

ಯಾವ ಹೆಸರಿಗೆ ಏನು ಅರ್ಥ?

ಹಲ್ದಿ ಅಂದರೆ ಹಿಂದಿಯಲ್ಲಿ ಅರಿಶಿನ, ಅಷ್ಟೇ. ಮದುವೆ ಹುಡುಗಿಗೆ, ಹುಡುಗನಿಗೆ ಅರಿಶಿನ ಹಚ್ಚಿ ನೀರೆರೆಯುವುದನ್ನು ನಮ್ಮಲ್ಲಿ ಅರಿಶಿನ ಶಾಸ್ತ್ರ, ಎಣ್ಣೆ ಶಾಸ್ತ್ರ, ಅರಿಶಿನೆಣ್ಣೆ ಎಂದೆಲ್ಲ ಕರೆಯುತ್ತಾರೆ. ಮೆಹಂದಿ ನಮ್ಮ ಮದರಂಗಿಯೇ, ಕೆಲವು ಊರುಗಳಲ್ಲಿ ಗೋರಂಟಿ. ಇವೆರಡೂ ಕರ್ನಾಟಕಕ್ಕೆ ಹೊಸತಲ್ಲ. ಉರ್ದು ಮಾತಾಡುವ ಮನೆಗಳಲ್ಲಿ ಹಲ್ದಿ, ಮೆಹಂದಿ ಎಂಬ ಹೆಸರುಗಳೂ ಹೊಸತಲ್ಲ. ಕಲಬುರಗಿ, ಬೀದರ್, ವಿಜಯಪುರದ ಕಡೆ ತಲೆಮಾರುಗಳಿಂದ ಹಾಗೇ ಅನ್ನುತ್ತಾರೆ.

ಸಂಗೀತ್ ಮಾತ್ರ ಹೊರಗಿನಿಂದ ಬಂದದ್ದು. ಇದು ಪಂಜಾಬಿನ ಕಡೆಯ ರೂಢಿ. ಮದುವೆಗೆ ಮುಂಚಿನ ರಾತ್ರಿಗಳಲ್ಲಿ ಮನೆ ಹೆಂಗಸರು ಸೇರಿ, ಒಬ್ಬಳು ಢೋಲಕ್ ಬಾರಿಸಿದರೆ ಇನ್ನೊಬ್ಬಳು ಚಮಚದಿಂದ ಅದರ ಮರಕ್ಕೆ ತಾಳ ಕುಟ್ಟುತ್ತ, ಹಾಡಿ ಕುಣಿಯುತ್ತಿದ್ದರು. ಬೀಗರನ್ನು ಛೇಡಿಸುವ ಹಾಡುಗಳೂ ಇರುತ್ತಿದ್ದವು.

ಆ ಪತ್ರಿಕೆಯಲ್ಲಿ ಇಲ್ಲದ ಇನ್ನೆರಡು ಹೆಸರೂ ಈಗ ಕೇಳಿಬರುತ್ತವೆ. ಬ್ರೈಡಲ್ ಶವರ್ ಅಮೆರಿಕದ್ದು. 19ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಪಟ್ಟಣಗಳಲ್ಲಿ ಶುರುವಾಯಿತು. ಹೊಸ ಸಂಸಾರಕ್ಕೆ ಬೇಕಾದ ಪಾತ್ರೆ, ಬಟ್ಟೆಗಳನ್ನು ಗೆಳತಿಯರು ತಂದು ಕೊಡುವ ಕೂಟ ಅದು. ಉಡುಗೊರೆಯ ಮಳೆ ಅನ್ನುವ ಅರ್ಥದಲ್ಲಿ ಆ ಹೆಸರು. ಬ್ಯಾಚಲರೆಟ್ ಬೇರೆ. ಮದುವೆ ಹುಡುಗ ಗೆಳೆಯರ ಜೊತೆ ಕುಡಿದು ಕುಣಿಯುವ ಬ್ಯಾಚಲರ್ ಪಾರ್ಟಿಗೆ ಜೋಡಿಯಾಗಿ, ಹುಡುಗಿಯರಿಗೂ ಒಂದು ಬೇಕು ಎಂದು 1960ರ ದಶಕದ ನಂತರ ಪಶ್ಚಿಮದಲ್ಲಿ ಬೆಳೆದದ್ದು. ಬ್ರಿಟನ್‌ನಲ್ಲಿ ಇದನ್ನೇ ‘ಹೆನ್ ಪಾರ್ಟಿ’ ಅನ್ನುತ್ತಾರೆ, ಅಂದರೆ ಹೇಂಟೆಗಳ ಕೂಟ.

ಕೆಲಸದ ಜೊತೆಗೇ ಹಾಡು

ನಮ್ಮ ಹಳೆ ಪದ್ಧತಿಯಲ್ಲಿ ‘ಪಾರ್ಟಿ’ ಅಂತ ಬೇರೆ ಏನೂ ಇರಲಿಲ್ಲ. ಮದುವೆ ಮನೆಯಲ್ಲಿ ರಾಶಿ ಕೆಲಸ ಇರುತ್ತಿತ್ತು. ಅದನ್ನು ಮಾಡಲು ಹೆಂಗಸರು ಸೇರುತ್ತಿದ್ದರು. ಸೇರಿದಾಗ ಹಾಡು, ನಗು, ಎಲೆ ಅಡಿಕೆ.

ಅರಿಶಿನವನ್ನೇ ನೋಡಿ. ಈಗಿನಂತೆ ಅಂಗಡಿಯಿಂದ ಪುಡಿ ತರುವ ಕಾಲವಲ್ಲ. ಗದ್ದೆಯಿಂದ ಕಿತ್ತ ಅರಿಶಿನವನ್ನು ಬೇಯಿಸಿ, ಬಿಸಿಲಲ್ಲಿ ಒಣಗಿಸಿದ ಮೇಲೆ ಅದರ ಕೊಂಬು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಒರಳಲ್ಲಿ ಹಾಕಿ ಒನಕೆಯಿಂದ ಕುಟ್ಟಬೇಕು. ಒಂದೇ ಒರಳಿಗೆ ಇಬ್ಬರು ಎದುರುಬದುರು ನಿಂತು ಕುಟ್ಟುವಾಗ ಒಬ್ಬಳ ಒನಕೆ ಏರಿದಾಗ ಇನ್ನೊಬ್ಬಳದು ಇಳಿಯಬೇಕು, ಲಯ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಆ ಲಯ ಹಿಡಿಯುವುದಕ್ಕೆ ಹಾಡು ಬೇಕೇ ಬೇಕು. ಕೈಗೆ ಹಾಡು ದಾರಿ ತೋರಿಸುತ್ತಿತ್ತು.

ಒಳ್ಳೆ ದಿನ ನೋಡಿ, ಒನಕೆಗೂ ಬೀಸುವ ಕಲ್ಲಿಗೂ ಅರಿಶಿನದ ಕೊಂಬು ಕಟ್ಟಿ, ಮುತ್ತೈದೆಯರು ಮೊದಲ ಪೆಟ್ಟು ಹಾಕುವುದು ಮದುವೆ ಕೆಲಸದ ಆರಂಭ. ಅಲ್ಲಿಂದ ಹಪ್ಪಳ, ಸಂಡಿಗೆ, ಅಕ್ಕಿ ಆರಿಸುವುದು, ಬೇಳೆ ಮಾಡುವುದು, ಗೋಡೆಗೆ ಸುಣ್ಣ, ಬಾಗಿಲಿಗೆ ಕೆಮ್ಮಣ್ಣು. ಅಂಗಳದಲ್ಲಿ ಗಂಡಸರು ಚಪ್ಪರ ಹಾಕುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಇದೇ ಹಂದರ. ಕುಂಬಾರರ ಮನೆಯಿಂದ ಬಣ್ಣ ಬರೆದ ಐರಾಣಿ ಮಡಕೆಗಳನ್ನು ವಾದ್ಯದ ಜೊತೆ ತರುವುದು ಇನ್ನೊಂದು ಸಡಗರ.

ಹುಡುಗಿಯನ್ನು ಹಸೆಗೆ ಕರೆದು ಕೂರಿಸಿದ ಮೇಲೆ ಐದೋ ಒಂಬತ್ತೋ ಜನ ಮುತ್ತೈದೆಯರು ಎಣ್ಣೆ, ಅರಿಶಿನ ಮುಟ್ಟಿಸುತ್ತಾರೆ. ಗರಿಕೆಯಲ್ಲೋ ಮಾವಿನೆಲೆಯಲ್ಲೋ ಅದ್ದಿ ಪಾದ, ಮಂಡಿ, ಭುಜ, ತಲೆ ಅಂತ ಸೋಕಿಸುವುದು. ಆಮೇಲೆ ನೀರೆರೆಯುವುದು. ಉತ್ತರ ಕರ್ನಾಟಕದ ಕಡೆ ಇದಕ್ಕೆ ಸುರಗಿ ಸುತ್ತುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ನೂಲು ಸುತ್ತಿ, ಆ ಚೌಕದೊಳಗೆ ಕೂರಿಸಿ ಎರೆಯುವುದು. ಇಷ್ಟೂ ಹೊತ್ತು ಸೋಬಾನೆ ಪದ. ಬೀಗರ ಮೂಗು, ಬೀಗಿತ್ತಿಯ ಜಿಪುಣತನ, ಮದುಮಗನ ನಡಿಗೆ, ಎಲ್ಲವೂ ಹಾಡಿಗೆ ಸಾಮಗ್ರಿ. ಪಂಜಾಬಿನ ಢೋಲಕ್ ಹಾಡುಗಳಲ್ಲೂ ಇದೇ ಕೀಟಲೆ ಇದೆ. ಹಾಗೆ ನೋಡಿದರೆ ಅತ್ತೆಯ ಪ್ರಶ್ನೆಗೆ ಹತ್ತಿರದ ಉತ್ತರ ಇಷ್ಟು: ಸಂಗೀತ್ ಅಂದರೆ ಅವರ ಸೋಬಾನೆ.

ಇನ್ನು ಬಳೆ ಶಾಸ್ತ್ರ. ಬಳೆಗಾರ ಮಲಾರ, ಅಂದರೆ ಬಳೆಗಳ ಗಂಟು, ಹೊತ್ತು ಮನೆಗೇ ಬರುತ್ತಿದ್ದ. ಜಗಲಿ ಮೇಲೆ ಚಾಪೆ ಹಾಕಿ ಕೂತು, ಹುಡುಗಿಯ ಕೈಯನ್ನು ಹಿಂಡಿ ಹಿಸುಕಿ ಮೂಳೆಗಳನ್ನು ಒಳಗೆ ಮಡಿಸಿದಂತೆ ಮಾಡಿ, ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಹಸಿರು ಗಾಜಿನ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು. ಬಳೆ ಸಡಿಲ ಇದ್ದರೆ ಚೆಂದವಲ್ಲ ಎಂಬ ಹಟ ಬೇರೆ. ಹುಡುಗಿಗೆ ತೊಡಿಸಿದ ಮೇಲೆ ಮನೆಯಲ್ಲಿರುವ ಅಷ್ಟೂ ಹೆಂಗಸರಿಗೆ ಬಳೆ. ಕೊನೆಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ದಕ್ಷಿಣೆ ಇಟ್ಟು ಬಳೆಗಾರನಿಗೆ ಕೊಡುತ್ತಿದ್ದರು.

ಸೀಮೆಗೊಂದು ಬಗೆ

ಎಲ್ಲರ ಮನೆಯಲ್ಲೂ ಹೀಗೇ ಅಂತೇನಿಲ್ಲ. ಕರಾವಳಿಯ ತುಳು ಮನೆಗಳಲ್ಲಿ ಹಿಂದಿನ ರಾತ್ರಿಯ ಮದರಂಗಿಯೇ ದೊಡ್ಡದು, ಮದುಮಗನಿಗೂ ಹಚ್ಚುತ್ತಾರೆ. ಬ್ಯಾರಿ ಮುಸ್ಲಿಮರಲ್ಲಿ ಇದು ಮೈಲಾಂಜಿ. ಮಂಗಳೂರಿನ ಕ್ಯಾಥೊಲಿಕರಲ್ಲಿ ಅರಿಶಿನದ ಜಾಗದಲ್ಲಿ ತೆಂಗಿನಕಾಯಿ ಹಾಲು! ಕೊಂಕಣಿಯಲ್ಲಿ ‘ರೋಸ್’ ಅಂದರೆ ಕಾಯಿಹಾಲು. ಮದುವೆಯ ಹಿಂದಿನ ದಿನ ಹುಡುಗಿಗೆ ಅವಳ ಮನೆಯಲ್ಲಿ, ಹುಡುಗನಿಗೆ ಅವನ ಮನೆಯಲ್ಲಿ ಎಣ್ಣೆ, ಕಾಯಿಹಾಲು ಹಚ್ಚಿ ಸ್ನಾನ ಮಾಡಿಸುತ್ತಾರೆ. ವೊವಿಯೊ ಎಂಬ ಹಾಡುಗಳನ್ನು ಹೇಳುತ್ತಾರೆ. ಒಂಟಿ ಬದುಕಿಗೆ ವಿದಾಯ ಹೇಳುವ ಸ್ನಾನ ಅದು. ಈಗ ಅದೇ ರಾತ್ರಿ ಮೊಟ್ಟೆ, ಬಿಯರ್ ಎಲ್ಲ ತಲೆ ಮೇಲೆ ಸುರಿಯುವ ಗೆಳೆಯರೂ ಇದ್ದಾರೆ, ಹಿರಿಯರು ಮುಖ ಸಿಂಡರಿಸುತ್ತಾರೆ.

ಕೊಡಗಿನಲ್ಲಿ ಹಿಂದಿನ ದಿನಕ್ಕೆ ‘ಊರ್ ಕೂಡುವ’ ದಿನ ಎಂದೇ ಹೆಸರು. ಊರವರೆಲ್ಲ ಬಂದು ತರಕಾರಿ ಹೆಚ್ಚುವುದರಿಂದ ಹಿಡಿದು ನಾಳೆಯ ಅಡುಗೆಯ ತಯಾರಿವರೆಗೂ ಕೈಜೋಡಿಸುತ್ತಾರೆ. ಆಮೇಲೆ ವಾಲಗಕ್ಕೆ ಕುಣಿತ. ನಾನು ಮೇಲೆ ಹೇಳಿದ ‘ಕೆಲಸ ಮಾಡಲು ಸೇರಿ ಕುಣಿಯುವುದು’ ಇಲ್ಲಿ ಹೆಸರಿನಲ್ಲೇ ಇದೆ ನೋಡಿ.

ಹಾಗಾದರೆ ಬದಲಾಗಿದ್ದೇನು?

ಮೊದಲನೆಯದು ಹುಡುಗಿಯ ವಯಸ್ಸು. ಇದನ್ನು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನ ಒಂದು ಕಾನೂನು ತಂದು 8 ವರ್ಷಕ್ಕಿಂತ ಚಿಕ್ಕ ಹುಡುಗಿಯರ ಮದುವೆಯನ್ನು ತಡೆಯಬೇಕಾಯಿತು. ಅಂದರೆ ಅದಕ್ಕಿಂತ ಚಿಕ್ಕವರ ಮದುವೆ ನಡೆಯುತ್ತಿತ್ತು ಅಂತಾಯಿತಲ್ವಾ? 1929ರ ಶಾರದಾ ಕಾಯ್ದೆ ಹುಡುಗಿಯ ವಯಸ್ಸು 14 ಎಂದಿತು. 18 ಆಗಿದ್ದು 1978ರಲ್ಲಿ. ಹನ್ನೆರಡು ವರ್ಷದ ಮದುಮಗಳಿಗೆ ತನ್ನ ಸಂಭ್ರಮ ಹೇಗಿರಬೇಕು ಎಂದು ಹೇಳುವ ಬಾಯಿ ಎಲ್ಲಿತ್ತು? ಯಾರನ್ನು ಕರೆಯಬೇಕು, ಏನು ಹಾಡಬೇಕು, ಎಲ್ಲ ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರದು. ಈಗಿನ ಮದುಮಗಳು ಓದಿದವಳು, ಎಷ್ಟೋ ಮನೆಗಳಲ್ಲಿ ಐದಾರು ವರ್ಷ ದುಡಿದವಳು. ಕಾಲೇಜಿನ ಗೆಳತಿಯರು ಒಂದು ಗುಂಪು, ಆಫೀಸಿನವರು ಇನ್ನೊಂದು ಗುಂಪು. ಬಂಧುಗಳ ಶಾಸ್ತ್ರದಲ್ಲಿ ಇವರಿಗೆ ಜಾಗವಿರಲಿಲ್ಲ. ಇವರಿಗಾಗಿ ಹೊಸ ಕೂಟ ಬೇಕಾಯಿತು.

ಎರಡನೆಯದು ಛತ್ರ. ಮದುವೆ ಮನೆಯ ಅಂಗಳದಿಂದ ಕಲ್ಯಾಣ ಮಂಟಪಕ್ಕೆ ಹೋಯಿತು. ಐದು ದಿನದ ಮದುವೆ ಎರಡು ದಿನಕ್ಕೆ ಕುಗ್ಗಿತು. ಬೆಂಗಳೂರು, ಮೈಸೂರು ಕಡೆ ಮುಹೂರ್ತದ ಹಿಂದಿನ ಸಂಜೆಯೇ ಆರತಕ್ಷತೆ ಮಾಡುವ ರೂಢಿ. ಹಾಗಾಗಿ ಆ ಸಂಜೆ ಭರ್ತಿ. ಅರಿಶಿನ, ಬಳೆ ಎಲ್ಲ ಅದಕ್ಕೂ ಮುಂಚೆ ಮನೆಯಲ್ಲೇ ಮುಗಿಯಬೇಕು. ಹಿಂದೆ ಮದುವೆಯ ಹರಿವಿನಲ್ಲೇ ಸೇರಿಹೋಗಿದ್ದ ಶಾಸ್ತ್ರಗಳು ಹೀಗೆ ಬೇರೆ ದಿನ, ಬೇರೆ ಜಾಗಕ್ಕೆ ಬಿದ್ದವು. ಬೇರೆ ದಿನ ಸಿಕ್ಕ ಮೇಲೆ ಅದಕ್ಕೊಂದು ಬೇರೆ ಹೆಸರು, ಬೇರೆ ಊಟ, ಬೇರೆ ಸೀರೆ ಬಂದೇ ಬರುತ್ತದೆ.

ಮೂರನೆಯದೇ ನನ್ನ ಲೆಕ್ಕದಲ್ಲಿ ದೊಡ್ಡದು. ಕೆಲಸ ಹೋಯಿತು. ಅರಿಶಿನ ಪ್ಯಾಕೆಟ್‌ನಲ್ಲಿ, ಹಪ್ಪಳ ಅಂಗಡಿಯಲ್ಲಿ, ಅಡುಗೆ ಕಂಟ್ರಾಕ್ಟರ್ ಕೈಯಲ್ಲಿ, ಚಪ್ಪರ ಶಾಮಿಯಾನದವರದು. ಈಗಲೂ ಒನಕೆ ಇಡುತ್ತಾರೆ, ಆದರೆ ಐದು ಪೆಟ್ಟು ಹಾಕಿ ಫೋಟೋ ತೆಗೆದ ಮೇಲೆ ಅದನ್ನು ಮೂಲೆಗೆ ಒರಗಿಸುತ್ತಾರೆ. ಕುಟ್ಟುವುದೇ ಇಲ್ಲದ ಮೇಲೆ ಕುಟ್ಟುವ ಹಾಡು ಯಾರಿಗೆ ಬಾಯಿಪಾಠ ಇರುತ್ತದೆ? ಜನ ಮಾತ್ರ ಸೇರುತ್ತಲೇ ಇದ್ದಾರೆ. ಸೇರಿದವರಿಗೆ ಮಾಡಲು ಏನಾದರೂ ಬೇಕು. ಆ ಖಾಲಿ ಜಾಗಕ್ಕೆ ಡ್ಯಾನ್ಸ್, ಆಟ, ಡ್ರೆಸ್ ಕೋಡ್ ಬಂದು ಕೂತಿವೆ.

ಟಿವಿ, ಮೊಬೈಲ್, ಹಳದಿ ಬಣ್ಣ

ಹಿಂದಿ ಹೆಸರುಗಳೇ ಯಾಕೆ ಬಂದವು ಅಂದರೆ, 1990ರ ದಶಕದಲ್ಲಿ ಕೇಬಲ್ ಟಿವಿ ಮನೆಮನೆಗೆ ಬಂದ ಹೊತ್ತಿಗೇ ಹಿಂದಿಯಲ್ಲಿ ಮದುವೆ ಮನೆಯ ಕಥೆಯ ಚಿತ್ರಗಳು ಸಾಲಾಗಿ ಬಂದವು. ಅಣ್ಣ, ಅತ್ತಿಗೆ, ನಾದಿನಿ ಎಲ್ಲರೂ ಕುಣಿಯುವ ಹಾಡುಗಳು. ಆಮೇಲೆ ಧಾರಾವಾಹಿಗಳು ಒಂದು ಮದುವೆಯನ್ನು ವಾರಗಟ್ಟಲೆ ಎಳೆದವು. ಮುಹೂರ್ತ ಒಂದೇ ಕಂತಿಗೆ ಮುಗಿಯುತ್ತದೆ, ಕಂತು ತುಂಬಿಸಲು ಮೆಹಂದಿ ಬೇಕು, ಹಲ್ದಿ ಬೇಕು. ಬೆಂಗಳೂರಿಗೆ ಎಲ್ಲ ರಾಜ್ಯದ ಜನ ಬಂದು ನೆಲೆಸಿದ್ದು, ಬೇರೆ ಭಾಷೆಯವರ ಜೊತೆ ಮದುವೆಗಳು ಜಾಸ್ತಿಯಾಗಿದ್ದು ಇನ್ನೊಂದು ಕಾರಣ. ಹುಡುಗನ ಕಡೆಯವರು ಲಕ್ನೋದವರಾದರೆ ಎರಡೂ ಕಡೆಗೆ ಅರ್ಥವಾಗುವ ಹೆಸರು ಹಲ್ದಿಯೇ.

ನಂತರ ಬಂದದ್ದು ಕೈಯಲ್ಲಿರುವ ಪರದೆ. ಇನ್‌ಸ್ಟಾಗ್ರಾಮ್ ಶುರುವಾಗಿದ್ದು 2010ರಲ್ಲಿ. 2017ರ ಡಿಸೆಂಬರ್‌ನಲ್ಲಿ ಇಟಲಿಯಲ್ಲಿ ನಡೆದ ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ಮದುವೆ, ಮರುವರ್ಷ ಅಲ್ಲೇ ಕೊಂಕಣಿ ಪದ್ಧತಿಯಲ್ಲೂ ಮದುವೆಯಾದ ನಮ್ಮ ದೀಪಿಕಾ ಪಡುಕೋಣೆ, ಇವೆಲ್ಲ ಊರೂರಿನ ಫೋಟೋಗ್ರಾಫರ್‌ಗಳಿಗೆ ಮಾದರಿಯಾದವು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲಿ ರೀಲ್ಸ್ ಬಂತು. ಅದೇ ವರ್ಷ ಕೊರೊನಾ ಕಾರಣಕ್ಕೆ ಮದುವೆಗೆ 50 ಜನರ ಮಿತಿ ಇತ್ತು. ಬರಲಾಗದವರಿಗೆ ಎಲ್ಲವೂ ಮೊಬೈಲ್‌ನಲ್ಲೇ ಕಂಡಿತು.

ಎಲ್ಲ ಶಾಸ್ತ್ರ ಬಿಟ್ಟು ಹಲ್ದಿಯೇ ಯಾಕೆ ಇಷ್ಟು ಬೆಳೆಯಿತು? ಫೋಟೋಗ್ರಾಫರ್ ಕಣ್ಣಿಂದ ನೋಡಿ. ಮುಹೂರ್ತದಲ್ಲಿ ಹೊಗೆ, ನಿದ್ದೆಗಣ್ಣು, ಪುರೋಹಿತರ ಬೆನ್ನು, ಸುತ್ತ ನೂಕುನುಗ್ಗಲು. ಅರಿಶಿನ ನಡೆಯುವುದು ಬೆಳಗಿನ ಬೆಳಕಲ್ಲಿ, ಬಯಲಲ್ಲಿ. ಒಂದೇ ಬಣ್ಣ. ಕೆನ್ನೆಗೆ ಮೆತ್ತಿದಾಗ ಯಾರಾದರೂ ನಿಜವಾಗಿಯೇ ನಗುತ್ತಾರೆ. ಚೆಂಡುಹೂವಿನ ಎಸಳು ಎರಚಿದರೆ ನಿಧಾನಗತಿಯ ವಿಡಿಯೋಗೆ ಇನ್ನೇನೂ ಬೇಡ.

ಸ್ವಾರಸ್ಯ ಏನೆಂದರೆ ಕೆಲವು ಹಳೆಯವು ಹೊಸ ಹೆಸರಲ್ಲಿ ವಾಪಸ್ ಬಂದಿವೆ. ದೊಡ್ಡ ಮೆಹಂದಿ ಕಾರ್ಯಕ್ರಮಗಳಲ್ಲಿ ಈಗ ಒಂದು ಮೂಲೆಯಲ್ಲಿ ‘ಬ್ಯಾಂಗಲ್ ಸ್ಟಾಲ್’ ಇರುತ್ತದೆ. ಬಂದ ಹೆಂಗಸರೆಲ್ಲ ತಮ್ಮ ಸೀರೆಗೆ ಹೊಂದುವ ಬಳೆ ತೊಡಿಸಿಕೊಳ್ಳಬಹುದು. ಮಲಾರದ ಬದಲು ಮೇಜು, ಮೊರದ ಬದಲು ಯುಪಿಐ. ಒಂದೇ ವ್ಯತ್ಯಾಸ, ಕೈ ಹಿಂಡುವುದಿಲ್ಲ.

ಕರಾವಳಿಯಲ್ಲಿ ಮೆಹಂದಿ ರಾತ್ರಿಯ ಕಥೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಡಿಜೆ ಇಲ್ಲದ ಮೆಹಂದಿ ಕಮ್ಮಿ, ಊರ ಯುವಕರಿಗೆ ಅದೇ ನಿಜವಾದ ಮದುವೆ. ಧ್ವನಿವರ್ಧಕಗಳಿಗೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅವಕಾಶವಿಲ್ಲ. ಪಕ್ಕದ ಮನೆಯವರು ಫೋನ್ ಮಾಡಿದರೆ ಪೊಲೀಸರು ಮದರಂಗಿ ಒಣಗುವ ಮುಂಚೆ ಬಂದಿರುತ್ತಾರೆ.

ಗೆಳತಿಯರ ಕೂಟ

ಬ್ಯಾಚಲರೆಟ್ ಬೆಂಗಳೂರು, ಮಂಗಳೂರಿನಂಥ ಊರುಗಳಿಗೆ ಬಂದು ಬಹಳ ಕಾಲವಾಗಿಲ್ಲ. ನಮ್ಮಲ್ಲಿ ಅದು ಪಶ್ಚಿಮದ ರೂಪದಲ್ಲೇ ಉಳಿದಿಲ್ಲ. ಗೋವಾ, ಗೋಕರ್ಣ, ಚಿಕ್ಕಮಗಳೂರಿನ ಹೋಂಸ್ಟೇ, ಎದೆಗೆ ಅಡ್ಡ ‘ಬ್ರೈಡ್ ಟು ಬಿ’ ಪಟ್ಟಿ, ಕೇಕು, ರಾತ್ರಿಯೆಲ್ಲ ಹರಟೆ. ಕುಡಿಯುವವರು ಕುಡಿಯುತ್ತಾರೆ, ಇಲ್ಲದವರು ಮ್ಯಾಗಿ ತಿನ್ನುತ್ತಾರೆ. ಖರ್ಚು ಮದುಮಗಳನ್ನು ಬಿಟ್ಟು ಉಳಿದವರು ಹಂಚಿಕೊಳ್ಳುವುದು ರೂಢಿ. ಹಾಗಾಗಿ ಗೆಳತಿಯರ ಗುಂಪಿನಲ್ಲಿ ವರ್ಷಕ್ಕೆ ನಾಲ್ಕು ಮದುವೆ ಬಂದರೆ ಕಷ್ಟ.

ಮದುಮಗಳನ್ನು ಮದುವೆಗೆ ಮುಂಚೆ ಹತ್ತಿರದವರು ಕರೆದು ಉಪಚರಿಸುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಬೆಳಗಾವಿ ಕಡೆ ಮರಾಠಿ ಬಳಕೆಯಿಂದ ಬಂದ ‘ಕೇಳ್ವಣ’ ಇದೆ, ನೆಂಟರು ಒಬ್ಬೊಬ್ಬರಾಗಿ ಊಟಕ್ಕೆ ಕರೆದು ಸೀರೆಯೋ ರವಿಕೆ ಕಣವೋ ಉಡಿಗೆ ಹಾಕುವುದು. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಹುಡುಗಿಯರಿಗೆ ಎರಡೂ ನಡೆಯುತ್ತವೆ. ಒಂದು ಭಾನುವಾರ ಆಫೀಸಿನ ಗೆಳತಿಯರ ಶವರ್, ಮತ್ತೊಂದು ದಿನ ಚಿಕ್ಕಮ್ಮನ ಮನೆಯ ಹಿತ್ತಲಲ್ಲಿ ಅರಿಶಿನ. ಹಿತ್ತಲೇ ಯಾಕೆ ಅಂದರೆ ಬಾಡಿಗೆ ಹಾಲ್‌ನ ಕಾರ್ಪೆಟ್ ಮೇಲೆ ಅರಿಶಿನ ಬಿದ್ದರೆ ಮುಂಗಡ ವಾಪಸ್ ಬರುವುದಿಲ್ಲ!

ಯಾರು ಒಳಗೆ, ಯಾರು ಹೊರಗೆ

ಹಳೆ ಅರಿಶಿನ ಶಾಸ್ತ್ರಕ್ಕೆ ಬಿಗಿಯಾದ ಬಾಗಿಲಿತ್ತು. ಮುತ್ತೈದೆಯರಿಗೆ ಮಾತ್ರ ಪ್ರವೇಶ. ಗಂಡನನ್ನು ಕಳೆದುಕೊಂಡ ಹೆಂಗಸು ಮದುಮಗಳ ಸ್ವಂತ ತಾಯಿಯಾದರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬೇಕಿತ್ತು. ಈಗಿನ ಹಲ್ದಿಯಲ್ಲಿ ಯಾರು ಬೇಕಾದರೂ ಹಚ್ಚುತ್ತಾರೆ. ಅಪ್ಪ, ತಮ್ಮ, ಆಫೀಸಿನ ಗೆಳೆಯ ಕೂಡ. ಎಲ್ಲ ಮನೆಗಳಲ್ಲೂ ಹಾಗಾಗಿಲ್ಲ, ಎಷ್ಟೋ ಕಡೆ ಶಾಸ್ತ್ರವನ್ನು ಬೆಳಿಗ್ಗೆ ಮುತ್ತೈದೆಯರೇ ಮುಗಿಸಿ ಆಮೇಲೆ ‘ಫಂಕ್ಷನ್’ ಶುರು ಮಾಡುತ್ತಾರೆ. ನಮ್ಮ ಮನೆಯ ಒಂದು ಮದುವೆಯಲ್ಲಿ ಹಾಗೇ ಆಯಿತು. ಹತ್ತು ಗಂಟೆಗೆ ಶಾಸ್ತ್ರ ಮುಗಿದು ಹಾಡು ಹಾಕಿದ ಮೇಲೆ, ಅಲ್ಲಿಯವರೆಗೆ ಒಳಗಿದ್ದ ದೊಡ್ಡಮ್ಮನ ಕೈಯನ್ನು ಮದುಮಗಳೇ ಹಿಡಿದು ಬಟ್ಟಲಲ್ಲಿ ಅದ್ದಿದಳು. ದೊಡ್ಡಮ್ಮ ಅವಳ ಕೆನ್ನೆಗೆ ಒಂದು ಬೆರಳಷ್ಟೇ ಹಚ್ಚಿದರು. ಯಾರೂ ಏನೂ ಅನ್ನಲಿಲ್ಲ.

ಅರಿಶಿನ ಬಿದ್ದ ಮೇಲೆ ಹುಡುಗಿ ಹೊಸಿಲು ದಾಟಬಾರದು ಎಂಬ ಮಾತೂ ಇತ್ತು. ಈಗ ಅರಿಶಿನ ತೊಳೆದ ಗಂಟೆಯೊಳಗೆ ಪಾರ್ಲರಿಗೆ ಹೋಗದಿದ್ದರೆ ಸಂಜೆಗೆ ತಡವಾಗುತ್ತದೆ.

ಬಣ್ಣಗಳ ವಿಷಯ, ಮರೆಯುವ ಮುಂಚೆ

ಮೆಹಂದಿ ಯಾಕೆ ಎರಡು ದಿನ ಮುಂಚೆ? ಮದರಂಗಿ ಎಲೆಯಲ್ಲಿರುವ ಲಾಸೋನ್ ಎಂಬ ಅಂಶ ಚರ್ಮದ ಮೇಲ್ಪದರಕ್ಕೆ ಅಂಟಿಕೊಳ್ಳುತ್ತದೆ. ತೊಳೆದ ತಕ್ಷಣ ಬರೀ ಕಿತ್ತಳೆ ಬಣ್ಣ. ಗಾಳಿ ತಾಗುತ್ತ ಒಂದೆರಡು ದಿನದಲ್ಲಿ ಕಡುಗೆಂಪಾಗುತ್ತದೆ. ಹಿಂದಿನ ರಾತ್ರಿ ಹಚ್ಚಿದರೆ ಧಾರೆ ಹೊತ್ತಿಗೆ ಪೂರ್ತಿ ಏರಿರುವುದಿಲ್ಲ. ಮೊದಲು ಹಿತ್ತಲಿನ ಸೊಪ್ಪು ಅರೆದು ಅಂಗೈ ನಡುವೆ ಒಂದು ದುಂಡು, ಬೆರಳ ತುದಿಗೆ ಟೊಪ್ಪಿ ಅಷ್ಟೇ. ಕೋನ್ ಬಂದ ಮೇಲೆ ಮೊಣಕೈವರೆಗೂ ಚಿತ್ತಾರ. ರಾಜಸ್ಥಾನದ ಸೋಜತ್ ಮೆಹಂದಿಗೆ 2021ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ‘ಹತ್ತು ನಿಮಿಷಕ್ಕೆ ಕಪ್ಪು’ ಅನ್ನುವ ಕೋನ್ ಮಾತ್ರ ಬೇಡ. ಮದರಂಗಿ ಅಷ್ಟು ಬೇಗ ಕಪ್ಪಾಗುವುದಿಲ್ಲ. ಅಂಥ ಕಪ್ಪು ಮೆಹಂದಿಗಳಲ್ಲಿ ಕೂದಲ ಬಣ್ಣಕ್ಕೆ ಬಳಸುವ ಪಿಪಿಡಿ ರಾಸಾಯನಿಕ ಬೆರೆಸಿರುವುದುಂಟು. ಕೆಲವರಿಗೆ ಕೈಯಲ್ಲಿ ಗುಳ್ಳೆ ಏಳುತ್ತದೆ, ಅದೂ ಹಚ್ಚಿದ ದಿನವಲ್ಲ, ಎಷ್ಟೋ ಸಲ ಎರಡು ಮೂರು ದಿನ ಬಿಟ್ಟು. ಅಂದರೆ ಸರಿಯಾಗಿ ಮದುವೆ ದಿನ.

ಅರಿಶಿನದ್ದು ಬೇರೆ ಆಟ. ಹಲ್ದಿ ಮುಗಿಸಿ ಬಂದವರು ಹಳದಿ ಕಲೆಗೆ ಸೋಪು ಉಜ್ಜುತ್ತಾರೆ, ಕಲೆ ರಕ್ತದಂತೆ ಕೆಂಪಾಗುತ್ತದೆ, ಬಟ್ಟೆ ಹಾಳಾಯಿತು ಎಂದು ಗಾಬರಿ. ಹಾಳಾಗಿಲ್ಲ. ಅರಿಶಿನದ ಕರ್ಕ್ಯುಮಿನ್‌ಗೆ ಸೋಪು, ಸುಣ್ಣದಂಥ ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ. ಆರತಿ ತಟ್ಟೆಯ ಓಕುಳಿ ನೀರು ಕೆಂಪಾಗುವುದೂ ಹೀಗೇ, ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಸೋಪು ಪೂರ್ತಿ ಹೋಗುವಂತೆ ಜಾಲಾಡಿದರೆ ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಹಳದಿ ಉಳಿದರೆ ಒದ್ದೆ ಇರುವಾಗಲೇ ಬಿಸಿಲಿಗೆ ಹರವಿ. ಕರ್ಕ್ಯುಮಿನ್ ಬೆಳಕಿಗೆ ತಾಳುವುದಿಲ್ಲ, ಎರಡು ಮೂರು ಬಿಸಿಲಿಗೆ ಬಹುಪಾಲು ಮಾಯವಾಗುತ್ತದೆ. ಅತ್ತೆಗೆ ಇದನ್ನು ಹೇಳಲು ಹೋದೆ. "ಅದು ಗೊತ್ತು ಬಿಡೋ, ಸಂಗೀತಕ್ಕೆ ಯಾವ ಸೀರೆ ಉಡ್ಲಿ ಹೇಳು" ಅಂದರು.